ಹದಿನೆಂಟು ಪೊರಕೆ

ಹದಿನೆಂಟನೆಯ ಪೊರಕೆಯನ್ನೂ ಕೊಕ್ಕೆಗೆ ಸಿಕ್ಕಿಸಿ, ಕ್ಲಬ್ಬಿನ ಕಾರ್ಯದರ್ಶಿ ನಾಲ್ಕು ಹೆಜ್ಜೆ ಹಿಂದೆ ಸರಿದು, ತಾನೇ ಕೆತ್ತಿದ ವಿಗ್ರಹವನ್ನು ನೋಡುವವನಂತೆ ತಲೆ ಓರೆ ಮಾಡಿದ.

"ಹೇಗಿದೆ ಅಕ್ಕ?"

"ಪೊರಕೆ ಥರಾನೇ ಇದೆ ಸಾರ್," ಎಂದಳು ಮೈದಾನ ಗುಡಿಸುವವಳು.

"ಇನ್ಮೇಲೆ ಆಡೋರೇ ಗುಡಿಸ್ಕೊಂಡು ಆಡ್ತಾರೆ. ಈ ತಿಂಗಳು ಪೂರ್ತಿ ನಿಮಗೆ ರಜೆ. ಸಂಬಳ ಮಾತ್ರ ಇರಲ್ಲ. ತಿಂಗಳ ಕೊನೇ ದಿನ ಬಂದು ನೋಡ್ತೀನಿ. ಗಲೀಜಾಗಿದ್ರೆ ಮೊದಲಿನ ಹಾಗೆ ನೀವೇ."

"ಕ್ಲೀನಾಗಿದ್ರೆ?"

ಕಾರ್ಯದರ್ಶಿ ರಿಂಗಾಗದ ಫೋನನ್ನು ಕಿವಿಗಿಟ್ಟುಕೊಂಡು ಹೊರಟುಹೋದ.

ಬಿಡಿಸಿ ಹೇಳುವಂಥದ್ದೇನೂ ಇರಲಿಲ್ಲ. ಕೆಲಸ ಹೋದರೆ ಕ್ಲಬ್ಬಿನ ಸ್ಟೋರಿನ ಹಿಂದಿನ ಒಂಟಿ ಕೋಣೆಯೂ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ ಅವಳೂ ಅತ್ತೆಯೂ ಹನ್ನೊಂದು ವರ್ಷ ಆ ಕೋಣೆಯಲ್ಲೇ ಜಗಳವಾಡಿಕೊಂಡು ಚೆನ್ನಾಗಿದ್ದರು. ಮೈದಾನದ ಹದಿನೆಂಟು ಸಿಮೆಂಟ್ ಚಪ್ಪಡಿಗಳ ಪಕ್ಕದ ಫಲಕದ ಕಂಬಗಳಿಗೆ ಈಗ ಒಂದೊಂದು ಪೊರಕೆ ತೂಗುತ್ತಿತ್ತು. ಆ ಚಪ್ಪಡಿಯ ಮೇಲೆ ನಾಲ್ಕು ಹೆಜ್ಜೆ ಓಡಿಬಂದು, ದೂರದ ಸರಪಳಿ ಬುಟ್ಟಿಗೆ ತಟ್ಟೆಯಂಥ ಡಿಸ್ಕ್ ಎಸೆಯುವ ಈ ಆಟ ಅತ್ತೆಗೆ ಇನ್ನೂ ಅರ್ಥವಾಗಿರಲಿಲ್ಲ. ಆ ಚಪ್ಪಡಿಗೆ ಟೀ ಪ್ಯಾಡ್ ಅನ್ನುತ್ತಾರೆ ಎಂದು ಕೇಳಿದಂದಿನಿಂದ, "ಟೀನೂ ಇಲ್ಲ, ತಟ್ಟೇಲಿ ತಿಂಡೀನೂ ಇಲ್ಲ, ಅದೆಂಥ ಆಟವೋ," ಎನ್ನುತ್ತಿದ್ದಳು. ಪೊರಕೆಯ ವಿಷಯ ಮಾತ್ರ ಅವಳಿಗೆ ತಕ್ಷಣ ಅರ್ಥವಾಯಿತು.

"ಒಂದು ತಿಂಗಳು ಕೈಕಟ್ಟಿ ಕೂತ್ಕೋ. ಕಸ ತಾನಾಗೇ ನಿನ್ನ ಪರವಾಗಿ ವಾದ ಮಾಡುತ್ತೆ."

"ಯಾರಾದ್ರೂ ಜಾರಿ ಬಿದ್ರೆ ಅತ್ತೆ?"

"ಬೀಳ್ಲಿ ಬಿಡು. ಅವರು ಬೀಳದಿದ್ರೆ ನಾವು ಬೀದಿಗೆ ಬೀಳ್ತೀವಿ."

ಆಟಗಾರರು ಮೊದಲ ದಿನ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡರು. ಎರಡನೆಯ ದಿನ ಪೊರಕೆಯ ನಿಜವಾದ ಉಪಯೋಗ ಕಂಡುಹಿಡಿದರು. ಕೊಂಬೆಗೆ ಸಿಕ್ಕಿಕೊಂಡ ಡಿಸ್ಕನ್ನು ಕೆಡವಲು ಅಷ್ಟುದ್ದದ ಹಿಡಿ ಬೇರೆಲ್ಲಿ ಸಿಗಬೇಕು? ತಲೆಕೆಳಗಾಗಿ ಹಿಡಿದು ಮರಕ್ಕೆ ಬಡಿದರು. ಡಿಸ್ಕಿನ ಜೊತೆ ಮರದ ಅರ್ಧ ಎಲೆ ಪ್ಯಾಡಿನ ಮೇಲೆ ಬಿತ್ತು. ಕಸ ಗುಡಿಸಲು ತಂದ ಪೊರಕೆ ಕಸ ಉದುರಿಸುವುದನ್ನು ಅತ್ತೆ ಸೊಸೆ ಕಿಟಕಿಯಿಂದ ನೋಡಿದರು. ಅತ್ತೆ ಬಹಳ ದಿನದ ಮೇಲೆ ನಕ್ಕಳು.

ಹತ್ತು ದಿನ ಸೊಸೆ ಕೈಕಟ್ಟಿ ಕೂತಳು. ಹನ್ನೊಂದನೆಯ ದಿನ, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಬರುವ ನಿವೃತ್ತ ಮೇಷ್ಟ್ರು ಏಳನೆಯ ಪ್ಯಾಡಿನ ಒದ್ದೆ ಎಲೆಯ ಮೇಲೆ ಜಾರಿದರು. ಫಲಕದ ಕಂಬ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಕಂಬ ತಬ್ಬಿಕೊಂಡೇ, ಓಡಿಬಂದ ಅವಳತ್ತ ನೋಡಿ, "ನಮ್ಮನೆಯವಳಿಗೆ ಹೇಳ್ಬೇಡಮ್ಮ, ನಾಳೆಯಿಂದ ಆಚೆಗೇ ಬಿಡಲ್ಲ," ಎಂದು ನಕ್ಕರು. ಕಂಬವನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಗೇಟು ತೆಗೆಯುವ ಮೊದಲೇ ಅವಳು ಏಳನೆಯ ಪ್ಯಾಡಿನಲ್ಲಿದ್ದಳು. ಹಿಡಿತಕ್ಕೆಂದು ಸಿಮೆಂಟಿನಲ್ಲಿ ಅಡ್ಡಗೆರೆ ಕೊರೆದಿರುತ್ತಾರೆ. ಆ ಗೆರೆಯುದ್ದಕ್ಕೂ ಗುಡಿಸಬೇಕು, ಇಲ್ಲದಿದ್ದರೆ ಮರಳು ಒಳಗೇ ಕೂತು ಕಾಲು ಜಾರಿಸುತ್ತದೆ. ಅದು ಹದಿನೆಂಟು ಪೊರಕೆ ಕೊಂಡವನಿಗೆ ಗೊತ್ತಿರಲಿಲ್ಲ, ಅವಳ ಕೈಗೆ ಗೊತ್ತಿತ್ತು. ಇದೊಂದೇ ಪ್ಯಾಡು ಅಂದುಕೊಂಡಳು. ಏಳನ್ನು ಗುಡಿಸಿದ ಕೈ ಎಂಟರ ಮುಂದೆ ಸುಮ್ಮನಿರಲಿಲ್ಲ. ಅದೇ ಪೊರಕೆ ಹಿಡಿದು ಹದಿನೆಂಟನ್ನೂ ಸುತ್ತಿದಳು. ದಿನಾ ಸುತ್ತಿದಳು.

ಒದ್ದೆ ಚಪ್ಪಲಿ ನೋಡಿ ಅತ್ತೆಗೆ ತಿಳಿಯಿತು. "ಲೋಕದ ಜನ ತಮ್ಮ ಕಾಲಿಗೆ ತಾವೇ ಕೊಡಲಿ ಹಾಕ್ಕೋತಾರೆ. ನೀನು ಪೊರಕೆ ಹಾಕ್ಕೊಂಡೆಯಲ್ಲೇ."

"ಕೊನೇ ಮೂರು ದಿನ ಮುಟ್ಟಲ್ಲ ಅತ್ತೆ. ಮೂರು ದಿನಕ್ಕೆ ಬೇಕಾದಷ್ಟು ಕಸ ಬೀಳುತ್ತೆ. ಅವರು ಬಂದು ನೋಡೋದು ಕೊನೇ ದಿನ ತಾನೆ?"

ಕಾರ್ಯದರ್ಶಿ ನಾಲ್ಕು ದಿನ ಮೊದಲೇ ಬಂದ. ಹೇಳದೆ ಕೇಳದೆ ಬಂದರೆ ಮಾತ್ರ ನಿಜ ಕಾಣುತ್ತದೆ ಎಂಬುದು ಅವನ ಸಿದ್ಧಾಂತ. ಒಂದರಿಂದ ಹದಿನೆಂಟರವರೆಗೆ ಓಡಾಡಿ, ಪ್ರತಿಯೊಂದು ಪ್ಯಾಡಿನ ಫೋಟೊ ಹಿಡಿದು, ಏಳನೆಯದರ ಬಳಿ ಅವಳನ್ನು ಕರೆಸಿದ.

"ನೋಡಿದ್ರಾ ಅಕ್ಕ, ಜನ ಎಷ್ಟು ಬದಲಾಗಿದ್ದಾರೆ. ಒಂದು ಎಲೆ ಇಲ್ಲ."

"ಜನ ಅಲ್ಲ ಸಾರ್, ನಾನು."

"ನೀವೇನು?"

"ನಾನೇ ಗುಡಿಸಿದ್ದು. ಬೇಕಿದ್ರೆ ಪೊರಕೆ ನೋಡಿ. ಇದೊಂದೇ ಸವೆದಿರೋದು. ಮಿಕ್ಕ ಹದಿನೇಳಕ್ಕೂ ಹಿಡಿ ಮುರಿದಿರಬಹುದು, ಕಡ್ಡಿ ಮಾತ್ರ ಅಂಗಡೀಲಿದ್ದ ಹಾಗೇ ಇದೆ."

ಕಾರ್ಯದರ್ಶಿ ಕೊಕ್ಕೆಯಿಂದ ಪೊರಕೆ ಇಳಿಸಿ, ಅರ್ಧಕ್ಕೆ ಸವೆದ ಕಡ್ಡಿಯ ಮೇಲೆ ಬೆರಳಾಡಿಸಿದ. ಎಂಟು, ಒಂಬತ್ತನೆಯ ಪ್ಯಾಡಿನವರೆಗೆ ನಡೆದುಹೋಗಿ ಅಲ್ಲಿಯವನ್ನೂ ನೋಡಿಕೊಂಡು ಬಂದ. ನಂಬಿದ. ಅವಳ ಎದೆ ಒಂದು ಕ್ಷಣ ಹಗುರವಾಯಿತು.

"ನಿಮಗೆ ಯಾರೂ ಗುಡಿಸಿ ಅಂದಿರ್ಲಿಲ್ಲ ಅಲ್ವಾ?"

"ಇಲ್ಲ ಸಾರ್. ಮೇಷ್ಟ್ರು ಬೀಳ್ತಿದ್ರು, ನೋಡ್ಕೊಂಡು ಇರಕ್ಕಾಗಲಿಲ್ಲ."

"ನಾಳೆ ಇನ್ಯಾರಾದ್ರೂ ಜಾರಿದ್ರೂ ನೋಡ್ಕೊಂಡು ಇರಕ್ಕಾಗಲ್ಲ?"

"ಆಗಲ್ಲ ಸಾರ್."

ಕಾರ್ಯದರ್ಶಿ ಪೊರಕೆಯನ್ನು ಜೋಪಾನವಾಗಿ ಕೊಕ್ಕೆಗೆ ಮತ್ತೆ ಸಿಕ್ಕಿಸಿದ. ಅವನ ದನಿಯಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ, ನಿಜವಾದ ಮೆಚ್ಚುಗೆಯೇ ಇತ್ತು.

"ಅಂದ್ರೆ ಸಂಬಳ ಕೊಡದಿದ್ರೂ ಕ್ಲೀನಾಗಿರುತ್ತೆ ಅಂತಾಯ್ತಲ್ಲ ಅಕ್ಕ."