ಮೂರನೆಯ ಭಾನುವಾರ

ಇನ್ನಾಸಪ್ಪ ದುಡಿಯುವ ರೇಷ್ಮೆ ಕಾರ್ಖಾನೆ ಮುಚ್ಚುತ್ತದೆಂಬ ಸುದ್ದಿ ಹಬ್ಬಿತ್ತು. ಅಷ್ಟರೊಳಗೆ ಮಗಳು ಲೂರ್ದುವಿನ ಮದುವೆ ಮುಗಿಸಬೇಕೆಂದು ಅವನು ಹಟ ಹಿಡಿದಿದ್ದ. ಚರ್ಚಿನಲ್ಲಿ ಎರಡು ಭಾನುವಾರ ಮದುವೆಯ ಪ್ರಕಟಣೆ ಓದಿಯೂ ಆಗಿತ್ತು. ಮೂರು ಭಾನುವಾರ ಓದಬೇಕಾದದ್ದರಲ್ಲಿ ಇನ್ನೊಂದೇ ಉಳಿದಿತ್ತು.

“ಆ ಕುಡುಕನ್ನ ಕಟ್ಕೊಳಲ್ಲ ಅಂತ ಎಷ್ಟು ಸಲ ಹೇಳ್ಲಪ್ಪ?” ಎಂದಳು ಲೂರ್ದು.

“ದೇವರ ಚಿತ್ತ ಕಣವ್ವ.”

“ದೇವರು ನಿನ್ನ ಕಿವೀಲಿ ಬಂದು ಹೇಳಿದ್ನಾ?”

ಅವನು ಹೆಂಡತಿಯ ಕಡೆ ತಿರುಗಿದ. “ನೋಡು, ನೀನು ಬೆಳೆಸಿರೋ ಚೆಂದ.”

ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. “ನನ್ನೇನು ಕೇಳಿ ಮದುವೆ ಮಾಡಿದ್ರಾ?” ಎಂದಷ್ಟೇ ಮಗಳಿಗೆ ಹೇಳಿದಳು.

“ಹಂಗಾದ್ರೆ ನಾಳೆ ಪೂಜೇಲಿ ನಾನೇ ಎದ್ದು ಹೇಳ್ತೀನಿ, ಬುಡು.”

ಮರುದಿನ ಪೂಜೆಯ ಕೊನೆಗೆ ಫಾದರ್ ಗಂಡು ಹೆಣ್ಣಿನ ಹೆಸರು ಓದಿದರು. “ಈ ಮದುವೆಗೆ ಅಡ್ಡಿಯೇನಾದರೂ ಗೊತ್ತಿದ್ದವರು ತಿಳಿಸಬೇಕು.”

ಲೂರ್ದು ಏಳಲು ಹೋದಳು. ಪಕ್ಕದಲ್ಲಿದ್ದ ತಾಯಿ ರಟ್ಟೆ ಹಿಡಿದು ಎಳೆದು ಕೂರಿಸಿದಳು.

“ಬುಡವ್ವ.”

“ಸುಮ್ನೆ ಕೂತ್ಕೊ. ಊರೆದುರು ನೀನು ಬಾಯಿ ಬಿಟ್ರೆ ನಾಳೆ ಯಾರೂ ನಿನ್ನ ಕಟ್ಕೊಳಲ್ಲ.”

ಲೂರ್ದುವಿನ ಕಣ್ಣು ತುಂಬಿ ಬಂತು. ಫಾದರ್ ಪುಸ್ತಕ ಮುಚ್ಚತೊಡಗಿದರು.

ತಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಅಡ್ಡಿ ಅದೆ, ಫಾದರ್.”