ಹುತ್ತದ ಉಸಿರು

ಅವಳ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದಿದ್ದರು. ನಕ್ಷೆಯ ಮೂಲೆಯ ಚೌಕದಲ್ಲಿ, 'ನಕ್ಷೆ ಬರೆದವರು' ಎಂಬುದರ ಮುಂದೆ, ಬೆಳಿಗ್ಗೆಯವರೆಗೂ ಇತ್ತು. ಈಗ ಅಲ್ಲಿ ತರಚಿದ ಚರ್ಮದಂಥ ಕಲೆ. ಪಕ್ಕದಲ್ಲೇ ನಕ್ಷೆ ಕಚೇರಿಯ ಯಜಮಾನರ ಒದ್ದೆ ಬೆರಳಿನ ಗುರುತು.

ಹಾಳೆ ತಿರುಗಿಸುವ ಮುಂಚೆ ಬೆರಳನ್ನು ನಾಲಿಗೆಗೆ ಒತ್ತುವ ಅಭ್ಯಾಸ ಅವರದು. ಅವರು ಮುಟ್ಟಿದ ಮೂಲೆಗಳನ್ನು ಅವಳು ಕರವಸ್ತ್ರದಲ್ಲೇ ಹಿಡಿಯುತ್ತಿದ್ದಳು. ಆಮೇಲೂ ಕೈ ತೊಳೆಯುತ್ತಿದ್ದಳು.

ಕಟ್ಟಡದ ಕಲ್ಪನೆ ಅವಳದೇ. ನಗರದ ನಟ್ಟನಡುವೆ ಒಂದು ಹುತ್ತ. ಕೆಳಗೆ ಪ್ರಯೋಗಾಲಯ, ಮೇಲೆ ಕಚೇರಿ. ಪಕ್ಕದ ಕಿಂಡಿಗಳಿಂದ ತಂಪು ಗಾಳಿ ಒಳಗೆ. ಪ್ರಯೋಗಾಲಯದ ವಿಷದ ಹೊಗೆ ನಡುವಿನ ಚಿಮಣಿಯಿಂದ ನೆತ್ತಿಗೆ. ಮೂರು ತಿಂಗಳು ನಿದ್ದೆಗೆಟ್ಟು ಬರೆದಿದ್ದಳು.

"ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವೇ ಒಡೆಯ ಕಣೇ," ಪಕ್ಕದ ಮೇಜಿನ ಅಕ್ಕ ನಕ್ಕಳು. "ಇವತ್ತು ಗೊತ್ತಾಯ್ತಾ ನಿಂಗೆ?"

ಯಜಮಾನರು ಬಾಗಿಲಲ್ಲಿ ತಲೆ ಹಾಕಿದರು. "ಮೂಲೆ ಚೌಕ ನಾನೇ ತುಂಬ್ತೀನಿ, ಬಿಟ್ಬಿಡು. ನಾಳೆ ಸ್ವಲ್ಪ ನೀಟಾಗಿ ಬಾಮ್ಮ. ನಕ್ಷೆ ನೋಡೋಕೆ ಬರೋ ಪ್ರಯೋಗಾಲಯದ ವಿಜ್ಞಾನಿ ಮೇಡಂದು ಹದ್ದಿನ ಕಣ್ಣು."

ನೀಟಾಗಿ! ಕಾಫಿ ಲೋಟ ಹಂಚುವುದಕ್ಕಿರಬೇಕು. ಥೂ!

ಎದುರು ನಿಂತು ಕೇಳುವ ಗಂಟಲು ಅವಳಿಗಿರಲಿಲ್ಲ. ಪೆನ್ನಿತ್ತು. ಎಲ್ಲರೂ ಎದ್ದುಹೋದ ಮೇಲೆ ಐದನೆಯ ಹಾಳೆ ತೆಗೆದಳು. ಅದೇ ಬ್ಲೇಡಿನಿಂದ ಎರಡು ಗೆರೆ ಕೆರೆದಳು, ಎರಡು ಗೆರೆ ಎಳೆದಳು. ಹೊಗೆಯ ಕೊಳವೆ ಚಿಮಣಿ ಬಿಟ್ಟು ಮೇಲಿನ ಕಚೇರಿಯ ಗಾಳಿಕಿಂಡಿಗೆ ಕೂಡಿಕೊಂಡಿತು. ಹದ್ದಿನ ಕಣ್ಣಿಗೆ ಅಷ್ಟು ಸಾಕು, ತಪ್ಪು ಯಜಮಾನರ ಹೆಸರಿಗೇ. ಹಾವಿನ ಹಲ್ಲು ಉದುರಲಿ.

ಮರುದಿನ ಅವಳು ಗೋಡೆಗೊರಗಿ ಕಾದಳು. ವಿಜ್ಞಾನಿ ಕನ್ನಡಕ ಏರಿಸಿದರು. ಯಜಮಾನರು ನಕ್ಷೆಯ ಕಟ್ಟನ್ನು ಬಿಚ್ಚಲಿಲ್ಲ. ಅವಳ ಕಡೆಗೇ ತಳ್ಳಿದರು.

"ನಂದೇನಿಲ್ಲ ಮೇಡಂ, ಎಲ್ಲ ಈ ಹುಡುಗೀದೇ. ಬಾಯಿ ಸತ್ತೋಳು, ತಾನಾಗಿ ಹೇಳ್ಕೊಳ್ಳಲ್ಲ. ಇವಳು ಬರೆದದ್ದನ್ನ ನಾನು ಎರಡನೇ ಸಲ ನೋಡೋದೂ ಇಲ್ಲ."

ಅವಳು ಕಟ್ಟು ಬಿಚ್ಚಿದಳು. ಮೂಲೆಯ ಚೌಕದಲ್ಲಿ, ಇಪ್ಪತ್ತು ವರ್ಷದಿಂದ ಯಜಮಾನರ ಹೆಸರೊಂದೇ ಕೂತಿದ್ದ ಮೇಲಿನ ಸಾಲಿನಲ್ಲಿ, 'ವಿನ್ಯಾಸ' ಎಂಬುದರ ಮುಂದೆ, ಅವರ ಗುಂಡು ಅಕ್ಷರಗಳಲ್ಲಿ ಅವಳ ಹೆಸರಿತ್ತು. ಅವಳದೊಂದೇ.

"ಭೇಷ್!" ವಿಜ್ಞಾನಿ ಮುಂದೆ ಬಾಗಿದರು. "ಎಲ್ಲಿ, ಮೊದಲು ಆ ಹೊಗೆ ಹೋಗೋ ದಾರಿ ತೋರಿಸಮ್ಮ."

ಕರವಸ್ತ್ರದ ನೆನಪೂ ಬರಲಿಲ್ಲ. ಅವಳು ಬೆರಳನ್ನು ನಾಲಿಗೆಗೆ ಒತ್ತಿ ಐದನೆಯ ಹಾಳೆ ತಿರುಗಿಸಿದಳು.