ಇಬ್ಬರು ನೋಡಿದ ಕಣಿವೆ

ಆ ಕಾಲದಲ್ಲಿ ಒಬ್ಬರೇ ನೋಡಿದ ಬೆಟ್ಟಗುಡ್ಡ ಫೋಟೋದಲ್ಲಿ ಮೂಡುತ್ತಿರಲಿಲ್ಲ. ಅದೇ ಗಳಿಗೆಯಲ್ಲಿ ಇನ್ನೊಬ್ಬರೂ ಮನಸ್ಸಿಟ್ಟು ನೋಡಬೇಕಿತ್ತು. ಹಾಗಾಗಿ ನಿಸರ್ಗದ ಚಿತ್ರ ತೆಗೆಯುವ ಗದಗಿನ ವಿಶಾಲಾಕ್ಷಿ, ಮಾತು ಕಡಿಮೆಯವಳಾದರೂ, ಹೋದಲ್ಲೆಲ್ಲ ಯಾರನ್ನಾದರೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದಳು.

ಗಜೇಂದ್ರಗಡದ ಗುಡ್ಡದ ಮೇಲೆ ಒಂದು ದಿನ ಬೆಳಿಗ್ಗೆ ಸಿಕ್ಕವಳು ಕುರಿ ಕಾಯುವ ಬಾಳವ್ವ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕ್ಲಿಕ್ಕಿಸಿದರೂ ಕ್ಯಾಮೆರಾದ ಪರದೆಯೆಲ್ಲ ಬಿಳುಪು.

“ನೀವು ನೋಡಲಿಲ್ರಿ, ಅವ್ವಾ.”

“ದಿನಾ ಕಾಣೂದನ್ನ ಏನ್ ನೋಡ್ಲಿ ತಂಗಿ? ನನ್ನ ಲಕ್ಷ್ಯ ಕುರೀ ಮ್ಯಾಲಿತ್ತು.” ಬಾಳವ್ವ ನಕ್ಕು ಕಣಿವೆಯತ್ತ ಕೈ ತೋರಿಸಿದಳು. “ಆ ಕೆಂಪು ಕಲ್ಲು ನೋಡು. ಅದರ ಬುಡಕ ನನ್ನ ಮಗಳನ್ನ ಹಡದೀನಿ.”

ಇಬ್ಬರೂ ನೋಡಿದರು. ಚಿತ್ರ ಮೂಡಿತು. ಆಮೇಲೆ ಬುತ್ತಿ ಬಿಚ್ಚಿ, ಮಧ್ಯಾಹ್ನದವರೆಗೂ ಮಾತಾಡಿದರು.

ಮರುದಿನ ವಿಶಾಲಾಕ್ಷಿ ಬಂದಾಗ ಗುಡ್ಡದ ಮೇಲೆ ಯಾರೂ ಇರಲಿಲ್ಲ. ಮೂಡದೆಂದು ಗೊತ್ತಿದ್ದೂ ಸುಮ್ಮನೆ ಕ್ಲಿಕ್ಕಿಸಿದಳು. ಕಣಿವೆ, ಬಿಸಿಲು, ಹಾರುವ ಹದ್ದು, ಎಲ್ಲವೂ ಬಂದಿದ್ದವು! ಅಚ್ಚರಿಯಿಂದ ಚಿತ್ರವನ್ನು ಹಿಗ್ಗಿಸಿದಳು. ಆಚೆಯ ದಿಬ್ಬದಲ್ಲಿ, ಕುರಿಗಳ ನಡುವೆ, ಬಾಳವ್ವ ಹಣೆಗೆ ಕೈ ಅಡ್ಡ ಹಿಡಿದು ಕಣಿವೆಯನ್ನೇ ನೋಡುತ್ತ ನಿಂತಿದ್ದಳು.

ವಿಶಾಲಾಕ್ಷಿ ಕ್ಯಾಮೆರಾ ಹೆಗಲಿಗೇರಿಸಿ, ಕಣಿವೆಯೆಲ್ಲ ಮಾರ್ದನಿಸುವಂತೆ ಕೂಗಿದಳು: “ಬಾಳವ್ವಾ, ತಡೀರಿ, ಬಂದೆ!”